ದೊಡ್ಡಿಯ ತಳದ ಗೊಬ್ಬರ

ಮಾಜೋಲಳ ಬಾಯಲ್ಲಿ ಊರಿಗೆ ಊರೇ ವಾಸವಾಗಿತ್ತು. ಆಮೆನ್ ಎನ್ನುವ ಮೊದಲು ಪಾದ್ರಿ ಮೂಗಿನಲ್ಲಿ ಎಳೆಯುವ ಉಸಿರು, ಜೋಳದ ಗಿರಣಿಯ ಕೆಮ್ಮು, ಊರ ಮುಖ್ಯಸ್ಥನೂ ತನ್ನ ಭಾವನೂ ಆದ ಫಿಕಿಲೆ ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಮೂರು ಹಂತಗಳು, ಎಲ್ಲವೂ ಅವಳಿಗೆ ಕರಗತ, ಅಲ್ಲ, ಗಂಟಲುಗತ. ಗಾಂಜಾ ಗಿಡಗಳ ಮೇಲೆ ವಿಷ ಸಿಂಪಡಿಸಲು ಒಂದು ಕಾಲದಲ್ಲಿ ಬರುತ್ತಿದ್ದ ಪೊಲೀಸ್ ಹೆಲಿಕಾಪ್ಟರಿನ ಗಡಗಡ ಸದ್ದನ್ನು ಅವಳು ನಾಲಿಗೆಯಿಂದ ಅಂಗುಳಕ್ಕೆ ಬಡಿದು ತೆಗೆದರೆ, ಮುದುಕರು ಇವತ್ತಿಗೂ ಬೆಚ್ಚಿ ಆಕಾಶ ನೋಡುತ್ತಿದ್ದರು. ಆಮೇಲೆ ಅವಳನ್ನು ಬೈಯುತ್ತಿದ್ದರು.

ಈಚೆಗೆ ಅವಳ ಬಾಯಿಗೆ ಹೊಸದೊಂದು ದನಿ ಸೇರಿಕೊಂಡಿತ್ತು. ಅದು ಲುಖಾನ್ಯೊನದು. ಉಮ್ತಾತಾ ಪಟ್ಟಣದಿಂದ ಕಂಪನಿಯ ಬಿಳಿ ಪಿಕಪ್ಪಿನಲ್ಲಿ ಬರುತ್ತಿದ್ದ ಕೃಷಿ ಪದವೀಧರ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದೇ ಮಾತು.

"ಅಮ್ಮಾ, ಗಿಡಕ್ಕೆ ಏನೂ ಗೊತ್ತಾಗೋದಿಲ್ಲ," ಎಂದು ಅವನು ಊರ ಸಭೆಯಲ್ಲಿ ಹೇಳಿದ್ದ. "ಸಾರಜನಕ ಹಸುವಿನ ಹಿಂದಿನಿಂದ ಬಂತೋ ಕಾರ್ಖಾನೆಯ ಮುಂದಿನಿಂದ ಬಂತೋ, ಬೇರು ಕೇಳೋದಿಲ್ಲ. ಪರಿಮಳ ಇರೋದು ಬೀಜದಲ್ಲಿ, ಬಿಸಿಲಿನಲ್ಲಿ."

"ಗೊತ್ತಾಗಲ್ಲ ಅಂತ ಗಿಡ ನಿನ್ನ ಹತ್ರ ಹೇಳ್ತಾ ಮಗಾ?" ಮಾಜೋಲ ಅವನದೇ ದನಿಯಲ್ಲಿ, ಅವನಂತೆಯೇ ಪೆನ್ನಿನ ಮುಚ್ಚಳ ಟಕ್ ಟಕ್ ಎನಿಸುತ್ತ ಕೇಳಿದ್ದಳು. ಸಭೆ ಬಿದ್ದು ಬಿದ್ದು ನಕ್ಕಿತ್ತು. ಪಾಪ, ಅವನೂ ನಕ್ಕಿದ್ದ.

ನಗುವ ವಿಷಯವೇನೂ ಆಗಿರಲಿಲ್ಲ ಅದು. ಲೈಸೆನ್ಸ್ ಪಡೆದ ಕಂಪನಿ ಊರಿನ ಅಷ್ಟೂ ಗಾಂಜಾ ಕೊಳ್ಳಲು ಸಿದ್ಧವಿತ್ತು. ಬೀಜ ಊರಿನದೇ ಇರಲಿ ಎಂದಿತ್ತು. ಆದರೆ ಇನ್ನು ಮುಂದೆ ಎಲ್ಲರೂ ನದಿಯ ಪಕ್ಕದ ಬಯಲಿನಲ್ಲಿ, ಒಂದೇ ಬೇಲಿಯೊಳಗೆ, ಕಂಪನಿ ಕೊಟ್ಟ ಚೀಲದ ಗೊಬ್ಬರ ಹಾಕಿಯೇ ಬೆಳೆಯಬೇಕು. ಬೇಲಿಯ ಹೊರಗಿನ ಗಿಡಗಳನ್ನೆಲ್ಲ ಕಿತ್ತು ಸುಡಬೇಕು. ಒಪ್ಪಂದದಲ್ಲಿ ಒಪ್ಪವೂ ಇಲ್ಲ, ಅಂದವೂ ಇಲ್ಲ ಅಂದುಕೊಂಡಳು ಮಾಜೋಲ. ಯಾಕೆಂದರೆ ಬೇಲಿಯ ಹೊರಗೆ ಗುಡ್ಡದ ನೆತ್ತಿಯಲ್ಲಿದ್ದದ್ದು ಅವಳ ಹಾಳುಮನೆ.

ಅವಳ ಗಂಡನ ಅಜ್ಜ ಬದುಕಿದ್ದ ಮನೆ ಅದು. ಗುಡಿಸಲುಗಳು ಮಣ್ಣಾಗಿ, ದನದ ದೊಡ್ಡಿಯ ಕಲ್ಲಿನ ವೃತ್ತ ಮಾತ್ರ ಉಳಿದಿತ್ತು. ದನವಿಲ್ಲದ ದೊಡ್ಡಿ ದೊಡ್ಡಿಯೇ ಅಲ್ಲ ಎಂದು ಗಂಡಸರು ತೀರ್ಮಾನಿಸಿದ್ದರಿಂದ ಹೆಂಗಸರು ಅದರೊಳಗೆ ಕಾಲಿಡಬಹುದಿತ್ತು. ಮದುವೆಯಾಗಿ ಬಂದ ಎರಡನೇ ವರ್ಷ ಮಾಜೋಲ ಆ ವೃತ್ತದೊಳಗೆ ಮೊದಲ ಬೀಜ ಊರಿದಳು. ನೂರು ವರ್ಷ ಹಸುಗಳು ತುಳಿದು, ಮಳೆ ನೆನೆಸಿ, ಹುಳ ಜರಡಿ ಹಿಡಿದ ಕಪ್ಪು ಮಣ್ಣು. ಅಲ್ಲಿಯ ಗಾಂಜಾ ಬಿಡಿಸಿ ಬೆರಳ ನಡುವೆ ಉಜ್ಜಿದರೆ ಮಾಗಿದ ಸೀಬೆಯ ಸಿಪ್ಪೆಯ ಪರಿಮಳ ಬರುತ್ತಿತ್ತು. ಹಿಂದೆಯೇ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮೊದಲ ಹನಿ ಬಿದ್ದಂಥ ಒಂದು ತಣ್ಣನೆ ವಾಸನೆ. ಹೊಗೆ ಎಳೆದವರು, "ಇದು ಗಂಟಲು ಕೆರೆಯೋದಿಲ್ಲ, ಗಂಟಲು ಕೇಳುತ್ತೆ," ಅನ್ನುತ್ತಿದ್ದರು. ಆ ಗಿಡಗಳೇ ಅವಳಿಗೆ ಮನೆಯ ತಗಡು ಹೊದಿಸಿದ್ದು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದು.

ಕೊನೆಗೆ ಸಭೆ ಒಂದು ಪಂದ್ಯ ಕಟ್ಟಿತು. ಫಿಕಿಲೆ ಮೂರು ಸಲ ಗಂಟಲು ಸರಿಮಾಡಿಕೊಂಡು ಸಾರಿದ: "ಬಯಲಿನಲ್ಲಿ ಎರಡು ಪಾತಿ. ಬೀಜ ಒಂದೇ, ಮಾಜೋಲಂದು. ಒಂದಕ್ಕೆ ಚೀಲದ್ದು, ಇನ್ನೊಂದಕ್ಕೆ ನಮ್ಮ ದೊಡ್ಡಿ ಗೊಬ್ಬರ. ಕೊಯ್ಲಾದ ಮೇಲೆ ಮೂಸಿ ನೋಡೋಣ. ವ್ಯತ್ಯಾಸ ಗೊತ್ತಾದ್ರೆ ಅವಳ ಹಾಳುಮನೆ ತಂಟೆಗೆ ಯಾರೂ ಹೋಗೋದು ಬೇಡ. ಗೊತ್ತಾಗದಿದ್ರೆ ಸಹಿ ಹಾಕಿ, ಅಲ್ಲಿರೋ ಗಿಡಾನೆಲ್ಲ ಕೀಳೋದೇ."

"ಯಾವ ಗೊಬ್ಬರ ತರ್ತೀರಿ ಭಾವ, ಎಲ್ಲಿಂದ ಅಗೀತೀರಿ?" ಎಂದು ಮಾಜೋಲ ಕೇಳಿದಳು.

"ದೊಡ್ಡಿ ವಿಷಯ ನಿನಗ್ಯಾಕಮ್ಮ?" ಎಂದ ಫಿಕಿಲೆ.

ಅಲ್ಲಿಗೆ ಮಾತು ಮುಗಿಯಿತು. ಮುಗಿಯಲೇಬೇಕಿತ್ತು. ಸೊಸೆಯಾಗಿ ಬಂದವಳು ಮಾವನ ದನದ ದೊಡ್ಡಿಗೆ ಕಾಲಿಡುವಂತಿಲ್ಲ. ಮಾವನ ದೊಡ್ಡಿ ಇದ್ದದ್ದು ಈಗ ಫಿಕಿಲೆಯದಾದ ಅಂಗಳದಲ್ಲಿ. ಮನೆಯ ಹಿರಿಯರು ಮಣ್ಣಾಗಿರುವುದು ಅದರ ಪಕ್ಕದಲ್ಲೇ. ಅಂಗಳ ದಾಟುವಾಗಲೂ ಅದರ ಬಾಗಿಲ ಮುಂದೆ ಹಾಯದೆ ಗುಡಿಸಲುಗಳ ಹಿಂದಿನಿಂದ ಸುತ್ತಿ ಹೋಗಬೇಕು. ಹೆಂಗಸಿಗೆ ವಯಸ್ಸಾದ ಮೇಲೆ ಗಂಡನ ಮನೆಯವರು ಒಂದು ಆಡು ಕಡಿದು ಈ ಕಟ್ಟುಪಾಡಿನಿಂದ ಬಿಡುಗಡೆ ಕೊಡುವ ಪದ್ಧತಿಯೇನೋ ಇತ್ತು. ಮಾಜೋಲಳಿಗೆ ಅರವತ್ತೊಂದಾಗಿತ್ತು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. "ಮುಂದಿನ ಚಳಿಗಾಲ ನೋಡೋಣ," ಎಂದು ಫಿಕಿಲೆ ಹೇಳುತ್ತಾ ಹೇಳುತ್ತಾ ಆಡುಗಳೇ ಮುದಿಯಾಗಿದ್ದವು. ಮೂವತ್ತೊಂಬತ್ತು ವರ್ಷದಿಂದ ಆ ದೊಡ್ಡಿಯ ಒಳಗನ್ನು ಅವಳು ಬೇಲಿಯ ಮುಳ್ಳುಕಡ್ಡಿಗಳ ಸಂದಿಯಲ್ಲಿ ಮಾತ್ರ ನೋಡಿದ್ದಳು.

ಅಕ್ಟೋಬರಿನಲ್ಲಿ ಪಾತಿ ಬಿದ್ದವು. ಗೊಬ್ಬರವನ್ನು ಗಂಡಸರೇ ಗೋಣಿಯಲ್ಲಿ ಕಟ್ಟಿ ಪಿಕಪ್ಪಿಗೆ ಹೇರಿದರು. ಗಿಡಗಳು ಬೆಳೆದವು ನೋಡಿ, ಎರಡೂ ಪಾತಿಯಲ್ಲಿ ಒಂದೇ ಸಮ, ಕಡುಹಸಿರು, ಎದೆಯೆತ್ತರ, ತಲೆಯೆತ್ತರ. ಮಾಜೋಲ ಆಗಲೇ ದಪ್ಪ ಎಲೆಯೊಂದನ್ನು ಬೆರಳಲ್ಲಿ ಹಿಸುಕಿ ನೋಡಿದ್ದಳು. ಅವಳ ಹಾಳುಮನೆಯ ಗಿಡ ಇಷ್ಟು ಕೊಬ್ಬಿದ್ದು ಯಾವತ್ತೂ ಇಲ್ಲ. ಅದು ತೆಳ್ಳಗೆ ಇದ್ದು, ಕೊನೆಯ ತಿಂಗಳಲ್ಲಿ ಎಲೆಯನ್ನು ಹಳದಿಗೆ ಬಿಟ್ಟು, ಶಕ್ತಿಯನ್ನೆಲ್ಲ ಹೂವಿಗೆ ಕಟ್ಟುವ ಗಿಡ.

ಏಪ್ರಿಲಿನ ಒಂದು ಬೆಳಿಗ್ಗೆ, ಒಣಗಿಸಿ ಹದಮಾಡಿದ ಹೂಗಳನ್ನು ಎರಡು ಎನಾಮಲ್ ಬೇಸಿನ್ನುಗಳಲ್ಲಿ ಹಾಕಿ, ಮೇಲೆ ಬಟ್ಟೆ ಮುಚ್ಚಿ, ಫಿಕಿಲೆಯ ಅಂಗಳದಲ್ಲಿ ಇಟ್ಟರು. ಗಂಡಸರು ದೊಡ್ಡಿಯ ಬದಿಗೆ, ಹೆಂಗಸರು ಗುಡಿಸಲುಗಳ ಬದಿಗೆ. ಜೋಳದ ಬಿಯರಿನ ಮಡಕೆ ನಡುವೆ.

"ಯಾವುದರಲ್ಲಿ ಯಾವುದು ಅಂತ ನನ್ನ ಚೀಟಿಯಲ್ಲಿ ಮಾತ್ರ ಇದೆ," ಎಂದ ಲುಖಾನ್ಯೊ. "ಮೊದಲು ನೀವೇ ಮೂಸಿ ಅಮ್ಮಾ."

ಮಾಜೋಲ ಮಂಡಿಯೂರಿ ಕುಳಿತಳು. ಮೊದಲ ಬೇಸಿನ್ನಿನಿಂದ ಒಂದು ಹೂ ತೆಗೆದು ಉಜ್ಜಿ ಮೂಗಿಗೆ ಹಿಡಿದಳು. ಎರಡನೆಯದರಿಂದ ಇನ್ನೊಂದು. ಮತ್ತೆ ಮೊದಲನೆಯದು. ಅಂಗಳದಲ್ಲಿ ಕೋಳಿ ಕೆದಕುತ್ತಿತ್ತು.

"ಏನಾದ್ರೂ ಒಂದು ತೋರಿಸ್ಬಿಡೇ," ಎಂದು ಹಿಂದಿನಿಂದ ಪಿಸುಗುಟ್ಟಿದಳು ಮಾಬೇಲೆ, ಅವಳ ನೆರೆಮನೆಯವಳು, ಅವಳ ಜೊತೆಗೇ ಈ ಊರಿಗೆ ಸೊಸೆಯಾಗಿ ಬಂದವಳು. "ಎರಡರಲ್ಲಿ ಒಂದು. ಅರ್ಧಕ್ಕರ್ಧ ಗೆದ್ದ ಹಾಗೇ ಅಲ್ವಾ!"

ಹಾಗೆ ಮಾಡಬಹುದಿತ್ತು. ಎಡಗಡೆಯದು ಎಂದರೆ ಮುಗಿಯಿತು. ಆದರೆ ಬೇರೆಯವರ ದನಿಯನ್ನು ಎಷ್ಟು ಬೇಕಾದರೂ ಅಣಕಿಸಬಲ್ಲ ಮಾಜೋಲಳಿಗೆ ತನ್ನ ಮೂಗಿನ ಹೆಸರಲ್ಲಿ ಸುಳ್ಳು ಹೇಳುವುದು ಮಾತ್ರ ಬರುತ್ತಿರಲಿಲ್ಲ.

"ಎರಡೂ ಒಂದೇ," ಎಂದಳು.

ಗಂಡಸರ ಕಡೆ ಗುಜುಗುಜು ಎದ್ದಿತು. ಲುಖಾನ್ಯೊ ಪೆನ್ನಿನ ಮುಚ್ಚಳ ತೆಗೆದ. ಗೆದ್ದ ಖುಷಿ ಅವನ ಮುಖದಲ್ಲಿ ಕಾಣಿಸಲಿಲ್ಲ. ಕಾಣಿಸದಂತೆ ನೋಡಿಕೊಂಡ ಅನ್ನಿ. ಫಿಕಿಲೆ ಗಂಟಲು ಸರಿಮಾಡಿಕೊಳ್ಳತೊಡಗಿದ. ಒಂದು. ಎರಡು.

"ತಡೀರಿ ಭಾವ, ಮೂರನೇದು ಆಮೇಲೆ," ಎಂದಳು ಮಾಜೋಲ. "ಎರಡೂ ಒಂದೇ. ಎರಡೂ ನನ್ನದಲ್ಲ. ಎರಡರಲ್ಲೂ ಹಸಿ ಹುಲ್ಲು ನಾರ್ತಿದೆ. ಬೆಳಿಗ್ಗೆ ಕೊಯ್ದು ರಾಶಿ ಹಾಕಿದ ಹುಲ್ಲು ಮಧ್ಯಾಹ್ನ ಬಿಸಿಯಾಗಿ ನಾರುತ್ತಲ್ಲ, ಹಾಗೆ. ಗೊಬ್ಬರ ಎಲ್ಲಿಂದ ತೆಗೆದ್ರಿ?"

"ದೊಡ್ಡಿಯಿಂದ. ಇನ್ನೆಲ್ಲಿಂದ, ಚರ್ಚಿನಿಂದಲಾ?"

"ದೊಡ್ಡಿಯಲ್ಲಿ ಎಲ್ಲಿಂದ? ಮೇಲಿಂದಲೋ ತಳದಿಂದಲೋ?"

ಗೋಣಿ ತುಂಬಿದ್ದ ಇಬ್ಬರಲ್ಲಿ ಒಬ್ಬ ತಲೆ ಕೆರೆದುಕೊಂಡ. "ಮೇಲಿಂದಾನೇ ಬೇಕಾದಷ್ಟು ಸಿಗ್ತಿತ್ತಲ್ಲ. ತಳ ಕಲ್ಲಾಗಿ ಕೂತಿದೆ. ಅದನ್ನ ಯಾರು ಅಗೀತಾರೆ?"

"ಹಸು ನಿನ್ನೆ ಹಾಕಿದ್ದನ್ನ ಇವತ್ತು ಗಿಡಕ್ಕೆ ಹಾಕಿದ್ದೀರಿ!" ಮಾಜೋಲಳ ದನಿ ಏರಿತು. "ಅದಕ್ಕೇ ಗಿಡ ಚೀಲದ್ದು ತಿಂದ ಹಾಗೇ ಕೊಬ್ಬಿದ್ದು. ಹೂ ಕಟ್ಟೋ ಹೊತ್ತಿಗೂ ಎಲೆ ಕಟ್ಟಿದ್ದು. ಕೇಳಿದ್ದೆ ನಾನು, ಎಲ್ಲಿಂದ ಅಗೀತೀರಿ ಅಂತ. ದೊಡ್ಡಿ ವಿಷಯ ನಿನಗ್ಯಾಕೆ ಅಂದ್ರಿ. ಒಳಗೆ ಹೋಗೋರಿಗೆ ಗೊಬ್ಬರ ಗೊತ್ತಿಲ್ಲ, ಗೊಬ್ಬರ ಗೊತ್ತಿರೋರು ಒಳಗೆ ಹೋಗೋ ಹಾಗಿಲ್ಲ! ಚೆನ್ನಾಗಿದೆ ಪರೀಕ್ಷೆ!"

"ಸಾಕು," ಎಂದ ಫಿಕಿಲೆ. "ಮಾತು ಆಡಿದ್ದಾಗಿದೆ. ವ್ಯತ್ಯಾಸ ಇಲ್ಲ ಅಂತ ನಿನ್ನ ಬಾಯಲ್ಲೇ ಬಂತು. ಪೆನ್ನು ಕೊಡಪ್ಪ."

ಆಗ ಮಾಜೋಲ ಎದ್ದಳು. ಸೊಂಟದ ಬಟ್ಟೆ ಬಿಗಿದು ಕಟ್ಟಿಕೊಂಡಳು. ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ಎತ್ತಿಕೊಂಡು, ಗುಡಿಸಲುಗಳ ಹಿಂದಿನಿಂದ ಸುತ್ತದೆ, ಅಂಗಳದ ನಟ್ಟನಡುವೆ ನೆಟ್ಟಗೆ ನಡೆದಳು. ಬಿಯರಿನ ಮಡಕೆ ದಾಟಿದಳು. ಗಂಡಸರ ಸಾಲು ತಾನಾಗಿ ಬಿರಿಯಿತು.

"ಅತ್ತಿಗೇ!" ಎಂದ ಗೋಣಿ ತುಂಬಿದ್ದವ.

"ಮಾಜೋಲಾ, ಅಲ್ಲೇ ನಿಲ್ಲು!" ಎಂದ ಫಿಕಿಲೆ. ಗಂಟಲು ಸರಿಮಾಡಿಕೊಳ್ಳಲು ಮರೆತೇಹೋಗಿತ್ತು.

ಅವಳು ನಿಂತಳು. ಆದರೆ ದೊಡ್ಡಿಯ ಬಾಗಿಲಲ್ಲಿ, ಅಡ್ಡ ಹಾಕಿದ್ದ ಗಳುಗಳ ಎದುರಿಗೆ. ಚಪ್ಪಲಿ ಕಳಚಿ ಬದಿಗಿಟ್ಟಳು. ಮಾವನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ, ಈಗಲೂ ಹೇಳಲಿಲ್ಲ. ತಲೆ ತಗ್ಗಿಸಿ, ಮನೆತನದ ಹೆಸರು ಹಿಡಿದೇ ಕೂಗಿದಳು: "ಖೊಂಜ್ವಾಯೊ ತಾತಾ, ನಿಮ್ಮ ಸೊಸೆ ಬಂದಿದ್ದೀನಿ. ಮೂವತ್ತೊಂಬತ್ತು ವರ್ಷ ನಿಮ್ಮನ್ನ ಸುತ್ತಿಕೊಂಡೇ ಓಡಾಡಿದ್ದೀನಿ, ಒಂದು ದಿನ ತಪ್ಪಿಲ್ಲ. ಇವತ್ತು ಗೊಬ್ಬರಕ್ಕೆ ಬಂದೆ. ನಿಮಗೆ ಸಿಟ್ಟು ಬಂದ್ರೆ ನನ್ನ ಮೇಲೆ ಬರಲಿ, ಹಸು ಮೇಲೆ ಬೇಡ."

ಗಳು ಸರಿಸಿ ಒಳಗೆ ಹೋದಳು.

ಒಳಗೆ ಅಂಥ ವಿಶೇಷವೇನೂ ಇರಲಿಲ್ಲ. ಸಗಣಿ, ನೊಣ, ಒಂದು ಮುದಿ ಎತ್ತು. ಇಷ್ಟಕ್ಕೇನಾ ಇಷ್ಟು ವರ್ಷ ಸುತ್ತಿ ನಡೆದದ್ದು ಎಂದು ಒಂದು ಗಳಿಗೆ ಅವಳಿಗೆ ನಗುವೇ ಬಂತು. ಹಿಂದಿನ ಮೂಲೆಗೆ ಹೋಗಿ ಮೇಲಿನ ಹಸಿಯನ್ನು ಕೆರೆದು ಬದಿಗೆ ತಳ್ಳಿ ಗುದ್ದಲಿ ಎತ್ತಿ ಹಾಕಿದಳು. ಠಣ್ ಎಂದಿತು. ಮತ್ತೆ ಹಾಕಿದಳು. ಮೊಣಕೈ ಆಳ ಇಳಿಯುವ ಹೊತ್ತಿಗೆ ಬೆವರು ಕಣ್ಣಿಗಿಳಿದಿತ್ತು. ಹೊರಗೆ ಯಾರೋ "ದಂಡ ಹಾಕಬೇಕು" ಅನ್ನುತ್ತಿದ್ದರು. ಇನ್ಯಾರೋ "ಮೊದಲು ಹೊರಗೆ ಬರಲಿ" ಅನ್ನುತ್ತಿದ್ದರು. ಒಳಗೆ ಹೋಗಿ ಎಳೆದು ತರಬೇಕು ಎಂದು ಮಾತ್ರ ಯಾರೂ ಅನ್ನಲಿಲ್ಲ. ಕೊನೆಗೆ ಕಪ್ಪಗೆ, ಪುಡಿಪುಡಿಯಾಗಿ, ಹಿಡಿದರೆ ಉಂಡೆಯಾಗುವ ಬಿಟ್ಟರೆ ಉದುರುವ ಆ ಮಣ್ಣು ಸಿಕ್ಕಿತು. ಸೊಂಟದ ಬಟ್ಟೆಯ ಮಡಿಲ ತುಂಬ ತುಂಬಿಕೊಂಡು ಹೊರಬಂದಳು.

"ಮೂಸು," ಎಂದಳು, ಮೊದಲು ಲುಖಾನ್ಯೊಗೇ.

ಅವನು ಮೂಸಿದ. ಮತ್ತೊಮ್ಮೆ ಮೂಸಿದ. "ಸಗಣಿ ವಾಸನೆಯೇ ಇಲ್ಲ," ಎಂದ ನಿಧಾನವಾಗಿ. "ಕಾಡಿನ ನೆಲದ ಹಾಗಿದೆ."

"ನಿನ್ನ ಗಿಡಕ್ಕೆ ಗೊತ್ತಾಗಲ್ಲ ಸರಿ. ನಿನಗೆ ಗೊತ್ತಾಯ್ತಾ?"

ಲುಖಾನ್ಯೊ ಬೆರಳಿಗಂಟಿದ ಮಣ್ಣು ನೋಡುತ್ತ ನಿಂತ. ಇಸ್ತ್ರಿ ಮಾಡಿದ ಮಾತು ಮೊದಲ ಸಲ ಸುಕ್ಕಾಯಿತು. "ತಾತಾ," ಎಂದ ಫಿಕಿಲೆಗೆ, "ಇವತ್ತು ಸಹಿ ಬೇಡ. ಹಸಿ ಸಗಣಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಚೀಲದ್ದೇ, ಬೇಗ ಕರಗಿ ಬೇಗ ಏರುತ್ತೆ. ನಾನು ಒಂದೇ ಊಟವನ್ನ ಎರಡು ತಟ್ಟೆಯಲ್ಲಿ ಬಡಿಸಿ ರುಚಿ ಹೇಳಿ ಅಂದಿದ್ದೀನಿ. ಗೊಬ್ಬರ ಕಳಿತಿದೆಯಾ ಅಂತ ನೋಡಬೇಕಿತ್ತು, ತಪ್ಪು ನಂದು. ಇನ್ನೊಂದು ವರ್ಷ ಕೊಡಿ."

"ಹಾಗಾದ್ರೆ ಅವಳು ಹೇಳಿದ್ದೇ ಸರಿ ಅಂತಲಾ?"

"ಹಾಗೂ ಹೇಳಲ್ಲ. ನಂಗೆ ಗೊತ್ತಿಲ್ಲ ಅಂತಿದ್ದೀನಿ."

ಓದಿದವನ ಬಾಯಲ್ಲಿ 'ಗೊತ್ತಿಲ್ಲ' ಕೇಳಿದ್ದು ಊರಿಗೆ ಎಷ್ಟು ಹೊಸದಾಗಿತ್ತೆಂದರೆ ಮಾಜೋಲ ಕೂಡ ಅದನ್ನು ಅಣಕಿಸಲಿಲ್ಲ.

ದಂಡದ ಮಾತು ಹಾಗೆ ಬಿಡುವಂಥದ್ದಾಗಿರಲಿಲ್ಲ. ಹಿರಿಯರು ಸೇರಿ ಒಂದು ಆಡು ಎಂದರು. ಮಾಜೋಲ ಮರುದಿನವೇ ಬಿಳಿ ಆಡೊಂದನ್ನು ಹಗ್ಗ ಹಿಡಿದು ತಂದು ಫಿಕಿಲೆಯ ಮುಂದೆ ನಿಲ್ಲಿಸಿದಳು. "ಆಡು ತಗೊಳ್ಳಿ ಭಾವ. ಗೊಬ್ಬರ ಮಾತ್ರ ವಾಪಸ್ ಹಾಕಲ್ಲ."

ಮುಂದಿನ ವರ್ಷ ಮೂರು ಪಾತಿ. ಚೀಲದ್ದು ಒಂದಕ್ಕೆ, ದೊಡ್ಡಿಯ ಮೇಲಿನದು ಒಂದಕ್ಕೆ, ತಳದ್ದು ಒಂದಕ್ಕೆ. ತಳದ ಗೊಬ್ಬರ ಅಗೆಯುವಾಗ ಮಾಜೋಲ ಬೇಲಿಯ ಹೊರಗೆ ನಿಂತು, "ಇನ್ನೂ ಕೆಳಗೆ, ಇನ್ನೂ, ಅದು ಗುದ್ದಲಿ ಕಣಯ್ಯ, ಚಮಚ ಅಲ್ಲ," ಎಂದು ಗಂಡಸರ ಬೆವರಿಳಿಸಿದಳು. ಮೂರನೇ ಪಾತಿಯ ಗಿಡಗಳು ಸಣ್ಣಗೆ ಬೆಳೆದವು. ಮಾರ್ಚಿನಲ್ಲಿ ಎಲೆ ಹಳದಿಯಾಯಿತು. ಊರು "ಅಯ್ಯೋ ಪಾಪ" ಎಂದಿತು. ಮಾಜೋಲ ಮಾತ್ರ ದಿನಾ ಹೋಗಿ ಅವುಗಳ ಮುಂದೆ ಲುಖಾನ್ಯೊನ ದನಿಯಲ್ಲಿ, "ನಿಮಗೆ ಏನೂ ಗೊತ್ತಾಗೋದಿಲ್ಲ ಅಲ್ವಾ, ಪಾಪ," ಎಂದು ಕೇಳಿ ಬರುತ್ತಿದ್ದಳು.

ಏಪ್ರಿಲಿನಲ್ಲಿ ಮತ್ತೆ ಅದೇ ಅಂಗಳ. ಬೇಸಿನ್ನು ಮೂರು, ಮೂಸುವವರು ಒಂಬತ್ತು ಮಂದಿ, ಒಬ್ಬೊಬ್ಬರೇ ಬಂದು ಲುಖಾನ್ಯೊನ ಕಿವಿಯಲ್ಲಿ ಹೇಳಿ ಹೋಗಬೇಕು. ಏಳು ಮಂದಿ ನಡುವಿನ ಬೇಸಿನ್ನು ಬೇರೆ ಎಂದರು. ಒಬ್ಬ ಮುದುಕ ತನಗೆ ನೆಗಡಿ ಎಂದ. ಫಿಕಿಲೆ ಮೂರನ್ನೂ ಎರಡೆರಡು ಸಲ ಮೂಸಿ, ನಡುವಿನದರ ಕಡೆ ಕೋಲು ತೋರಿಸಿದ. ಲುಖಾನ್ಯೊ ಚೀಟಿ ಬಿಚ್ಚಿದ. ನಡುವಿನದೇ ತಳದ ಗೊಬ್ಬರದ್ದು.

ಹೆಂಗಸರ ಕಡೆ ಉಲಿ ಎದ್ದಿತು. ಮಾಬೇಲೆ ನಾಲಿಗೆ ಹೊರಳಿಸಿ ಕೂಗು ಹಾಕಿದಳು. ಪರೀಕ್ಷೆ ಮುಗಿದ ಮೇಲೆ ಮಾಜೋಲ ಬಂದು ಆ ಬೇಸಿನ್ನಿನ ಹೂ ಉಜ್ಜಿ ಮೂಸಿದಳು. ಸೀಬೆ ಸಿಪ್ಪೆ ಇತ್ತು. ಕಾದ ಕಲ್ಲಿನ ಮೇಲಿನ ಮೊದಲ ಹನಿ ಇರಲಿಲ್ಲ.

"ಅರ್ಧ ನನ್ನದು," ಎಂದಳು.

"ಗೆದ್ದಿದ್ದೀಯಲ್ಲೇ, ಸುಮ್ಮನಿರಬಾರದಾ!" ಎಂದಳು ಮಾಬೇಲೆ.

"ಗೆದ್ದಿದ್ದೀನಿ. ಆದ್ರೂ ಅರ್ಧಾನೇ. ಗೊಬ್ಬರ ಅರ್ಧ ಕೊಟ್ಟಿದೆ. ಇನ್ನರ್ಧ ಹಾಳುಮನೆಯಲ್ಲೇ ಇದೆ, ಗುಡ್ಡದ ಗಾಳಿಯಲ್ಲೋ, ಕಲ್ಲಲ್ಲೋ, ಯಾರಿಗೆ ಗೊತ್ತು. ಅದನ್ನ ಗೋಣಿಯಲ್ಲಿ ತುಂಬಿ ಬಯಲಿಗೆ ತರೋಕೆ ಆಗಲ್ಲ. ಅದಕ್ಕೇ ಅದನ್ನ ಕೀಳೋಕೂ ಬಿಡಲ್ಲ."

ಫಿಕಿಲೆ ಒಪ್ಪಂದದ ಹಾಳೆ ತರಿಸಿ, ಬೇಲಿಯ ಹೊರಗಿನ ಗಿಡ ಕೀಳಬೇಕೆಂಬ ಸಾಲಿನ ಮೇಲೂ ಚೀಲದ ಗೊಬ್ಬರವನ್ನೇ ಹಾಕಬೇಕೆಂಬ ಸಾಲಿನ ಮೇಲೂ ಗೀಟು ಎಳೆದ. ಲುಖಾನ್ಯೊ ತಡೆಯಲಿಲ್ಲ. ಆದರೆ ಮುಚ್ಚುಮರೆ ಮಾಡದೆ ಹೇಳಿದ: "ನಾನು ಕಂಡಿದ್ದನ್ನ ಹಾಗೇ ಬರೆದು ಕಳಿಸ್ತೀನಿ ಅಮ್ಮಾ. ಆದ್ರೆ ಒಂಬತ್ತು ಮೂಗು, ಒಂದು ಬೆಳೆ, ಇಷ್ಟಕ್ಕೆ ಮೇಲಿನವರು ಒಪ್ತಾರೆ ಅಂತ ನಂಬಿಕೆ ಇಲ್ಲ. ಒಪ್ಪದೆ ನಿಮ್ಮ ಬೆಳೆಯೇ ಬೇಡ ಅಂದ್ರೆ?"

ಮಾಜೋಲ ನಾಲಿಗೆಯನ್ನು ಅಂಗುಳಕ್ಕೆ ಬಡಿದಳು. ಗಡಗಡ ಸದ್ದು ಅಂಗಳದ ಮೇಲೆ ಹಾದುಹೋಯಿತು. ಮುದುಕರು ಬೆಚ್ಚಿ ಆಕಾಶ ನೋಡಿದರು.

"ಇದನ್ನ ನೋಡಿದ ಗಿಡ ಕಣೋ ಅದು," ಎಂದಳು. "ನಿನ್ನ ಪೆನ್ನು ನೋಡಿ ಹೆದರುತ್ತಾ?"

ಜೂನ್ ಜುಲೈಗಳ ಚಳಿಗಾಲ ಕಳೆದರೂ ಕಂಪನಿಯಿಂದ ಉತ್ತರ ಬರಲಿಲ್ಲ. ಅಕ್ಟೋಬರ್ ಬಂತು. ಮೊದಲ ಮಳೆಗೆ ಮುಂಚೆ ಗೊಬ್ಬರ ಅಗೆಯಬೇಕು. ಬೆಳಿಗ್ಗೆ ಫಿಕಿಲೆ ಮೊಸರು ಕಲಸಿದ ಜೋಳದ ಗಂಜಿ ಮುಂದಿಟ್ಟುಕೊಂಡು ಅಂಗಳದಲ್ಲಿ ಕೂತಿದ್ದಾಗ ಮಾಜೋಲ ಬಂದಳು. ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದು ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕಂದು ಆಡು. ಸುತ್ತಿ ಬರಲಿಲ್ಲ. ಅಂಗಳದ ನಟ್ಟನಡುವೆ ಬಂದಳು.

"ಇದೇನಿದು?"

"ದಂಡ, ಭಾವ. ಈ ವರ್ಷದ್ದು. ಮುಂಚೇನೇ ತಂದಿದ್ದೀನಿ, ನಿಮಗೆ ಸಭೆ ಕರೆಯೋ ತೊಂದರೆ ಯಾಕೆ."

ದೊಡ್ಡಿಯ ಬಾಗಿಲ ಕಂಬಕ್ಕೆ ಆಡು ಕಟ್ಟಿದಳು. ಚಪ್ಪಲಿ ಕಳಚಿದಳು. "ಖೊಂಜ್ವಾಯೊ ತಾತಾ, ನಾನೇ," ಎಂದು ಕೂಗಿದಳು, ನೆರೆಮನೆಗೆ ಉಪ್ಪು ಕೇಳಲು ಹೋದವಳ ಹಾಗೆ.

ಫಿಕಿಲೆ ಗಂಟಲು ಸರಿಮಾಡಿಕೊಂಡ. ಒಂದು. ಎರಡು. ಮೂರನೆಯದಕ್ಕೆ ಬಾಯಿ ತೆರೆದವನು ಹಾಗೇ ಕಿವಿಗೊಟ್ಟ. ಪಕ್ಕದ ಅಂಗಳದಲ್ಲಿ ಒಂದು ಆಡು ಒದರುತ್ತಿತ್ತು, ಜೊತೆಗೆ ತನ್ನ ಮಾವನ ಮನೆತನದ ಹೆಸರು ಕೂಗುತ್ತಿದ್ದ ಮಾಬೇಲೆಯ ದನಿ. ಅದರಾಚೆಯ ಮನೆಯಿಂದ ಇನ್ನೊಂದು ಆಡು. ಇಳಿಜಾರಿನ ಕೆಳಗೆ, ಹೊಳೆಯ ಬದಿಯ ಮನೆಗಳಲ್ಲಿ ಮತ್ತೆರಡು.

ದೊಡ್ಡಿಯೊಳಗಿಂದ ಫಿಕಿಲೆಯದೇ ಗಂಟಲು, ಮೂರನೇ ಹಂತ, ಥೇಟ್ ಅವನದೇ, ಗಟ್ಟಿಯಾಗಿ ಕೇಳಿಸಿತು. ಹಿಂದೆಯೇ ಗುದ್ದಲಿ ನೆಲಕ್ಕೆ ಬಿತ್ತು.